ಅತನೂರಿನ ಹಸಿ ಗೋಡೆ

“ಇನ್ನೊಂಚೂರು ಮ್ಯಾಲ ಹಚ್ರಿ ಜಗದೇವ ಅವ್ರ... ಹಾಂ, ಅಲ್ಲೇ! ನಿಮ್ಮ ಕೈ ಭಾಳ ಚಂದ ಅದ ನೋಡ್ರಿ!”

ಜಯಮಾಲಾ ಹೀಗೆಂದು ನಕ್ಕಾಗ ಮಹಾನಂದಾ ಮುಖ ತಿರುಗಿಸಿದಳು.

‘ಕೈ ಚಂದ ಅದ ಅಂತ! ಪರಿಚಯ ಆಗಿ ಹತ್ತು ನಿಮಿಷ ಆಗಿಲ್ಲ!’

ಅತನೂರಿನಲ್ಲಿ ಜಯಮಾಲಾ ಹೊಸದಾಗಿ ತೆರೆಯಲಿದ್ದ ಹೊಲಿಗೆ ಅಂಗಡಿ ಅದು. ಗೋಡೆಗೆ ಹೆಸರು ಅಂಟಿಸಲು ಜಗದೇವ, ಮಹಾನಂದಾ ಇಬ್ಬರೂ ಅಫಜಲಪುರದಿಂದ ಬೈಕಿನಲ್ಲಿ ಬಂದಿದ್ದರು. ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸಿ ಸ್ಟಿಕರ್ ಕತ್ತರಿಸುವುದು ಅವಳ ಕೆಲಸ, ಅಂಟಿಸುವುದು ಅವನದು. ಎರಡು ವರ್ಷದಿಂದ ಅವಳು ಅವನನ್ನು ಪ್ರೀತಿಸುತ್ತಿದ್ದಳು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಸೋಮವಾರದಿಂದ ಅವಳಿಗೆ ಜೇವರ್ಗಿಯಲ್ಲಿ ಬೇರೆ ಕೆಲಸ. ಇಬ್ಬರೂ ಜೊತೆಗೆ ಮಾಡುವ ಕೊನೆಯ ಗೋಡೆ ಇದು. ಅದರ ಮೇಲೆ ಈ ಜಯಮಾಲಾಳ ಹೆಸರು!

ಗೋಡೆಗೆ ಅಂಗೈ ಊರಿದಳು. ತಣ್ಣಗಿತ್ತು! ಬಣ್ಣ ಹೊಡೆದು ಎರಡು ದಿನವೂ ಆಗಿರಲಿಕ್ಕಿಲ್ಲ. ಹಸಿ ಗೋಡೆಗೆ ಸ್ಟಿಕರ್ ನಿಲ್ಲುವುದಿಲ್ಲ. ಜಗದೇವನಿಗೆ ಹೇಳಬೇಕಿತ್ತು. ಆದರೆ ಹೊಟ್ಟೆಕಿಚ್ಚು ಬುದ್ಧಿಯ ಮಾತು ಕೇಳುತ್ತದೆಯೇ?

‘ಬೀಳಲಿ! ಚಂದದ ಕೈ ಎಂಥದ್ದು ಅಂತ ಆಕಿನೂ ನೋಡಲಿ!’

ಜಗದೇವ ಪ್ಲಾಸ್ಟಿಕ್ ಪಟ್ಟಿಯಿಂದ ಅಕ್ಷರಗಳನ್ನು ಗೋಡೆಗೆ ತಿಕ್ಕಿ, ಅವನ್ನು ಹಿಡಿದಿದ್ದ ಮೇಲಿನ ಹಾಳೆ ಸುಲಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೊದಲ ಅಕ್ಷರದ ಅಂಚು ಎದ್ದಿತು. ನಂತರ ಒಂದೊಂದೇ ಬಿಚ್ಚಿ ಜೋತುಬಿದ್ದವು.

“ಅಯ್ಯ, ಇದೇನ್ರಿ! ಹತ್ತು ದಿನಕ್ಕ ಪೂಜಾ ಇಟ್ಕೊಂಡೇನಿ...” ಜಯಮಾಲಾಳ ಕಣ್ಣು ತುಂಬಿದವು.

“ತಪ್ಪು ನಂದ್ರಿ,” ಜಗದೇವ ತಲೆ ತಗ್ಗಿಸಿದ. “ಗೋಡಿ ಒಣಗಲಿ. ಮುಂದಿನ ಐತಾರ ಬಂದು ಹೊಸಾದು ಹಚ್ಚಿಕೊಡ್ತೇನಿ.”

ಮಹಾನಂದಾಳಿಗೆ ನಾಚಿಕೆಯಾಯಿತು. “ಅವನದಲ್ರಿ, ತಪ್ಪು ನಂದು. ಗೋಡಿ ಹಸಿ ಅದ ಅಂತ ಗೊತ್ತಿದ್ದೂ ಸುಮ್ಮನಿದ್ದೆ.”

“ನನಗೂ ಗೊತ್ತಿತ್ತು,” ಎಂದ ಜಗದೇವ ಮೆಲ್ಲಗೆ.

ಮಹಾನಂದಾ ಅವನತ್ತ ತಿರುಗಿದಳು. ಗೊತ್ತಿದ್ದೂ ಅಂಟಿಸಿದನೇ? ಹಾಗಾದರೆ ಮತ್ತೆ ಬರಲು... ಈ ಜಯಮಾಲಾಳನ್ನು ನೋಡಲು! ಅಳು ಉಕ್ಕಿ ಬಂತು. ಸರಸರನೆ ಹೊರಗೆ ನಡೆದುಬಿಟ್ಟಳು.

ಬೈಕಿನ ಹತ್ತಿರ ಜಗದೇವ ಅವಳನ್ನು ತಡೆದ.

“ಬಿಡು! ಐತಾರ ಬಂದು ಆಕಿನ್ನ ಕಣ್ತುಂಬ ನೋಡ್ಕೋ!”

“ಆಕಿನ್ನ್ಯಾಕ ನೋಡ್ಲಿ? ಹೊಸಾ ಅಕ್ಷರ ಕತ್ತರಿಸಾಕ ನೀ ಬರಬೇಕಾಗ್ತದ. ಐತಾರ ನಿನಗ ರಜಾ ಇರ್ತದ...”

“ಅಂದ್ರ?”

“ನೀ ಹೊಂಟೀದಿ, ಮಹಾನಂದಾ. ಇನ್ನೊಂದು ದಿನ ನಿನ್ನ ಜೋಡಿ ಕಳೀಬೇಕಂದ್ರ ಬ್ಯಾರೆ ನೆವ ಹೊಳೀಲಿಲ್ಲ. ನೀ ಅಂದ್ರ ನನಗ ಜೀವ!”

ಎಂಥ ಹುಚ್ಚ! ತಾನೂ ಎಂಥ ಹುಚ್ಚಿ!

“ಅದಕ್ಕ ಆ ಪಾಪದಾಕಿ ಗೋಡಿ ಕೆಡಿಸಿದ್ಯಾ? ನಡಿ, ಮೊದಲು ಇಬ್ಬರೂ ಮಾಫಿ ಕೇಳೂಣು.”

“ಆಮ್ಯಾಲ?”

ಮಹಾನಂದಾ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

“ಆಮ್ಯಾಲ ನಮ್ಮ ಮನೀಗಿ ಬಾ. ಅಪ್ಪ ಇವತ್ತ ಮನ್ಯಾಗೇ ಅದಾನ.”