ಯುಹಾನ್ನುಸ್ ಹಬ್ಬದ ಮೂರು ದಿನ

ಯುಹಾನ್ನುಸ್ ಎಂಬ ನಡುಬೇಸಿಗೆ ಹಬ್ಬದ ಮೂರು ದಿನ ಆಡಿದವರ ಅಂಕಿ ತೋರಿಸಿ, ತೂಲಿಯಾ ಕಟ್ಟಿದ ಮೊಬೈಲ್ ಶೂಟಿಂಗ್ ಆಟವನ್ನು ಕಂಪನಿಯ ಧಣಿ ಲಾಂಪಿನೆನ್ ನಿಲ್ಲಿಸಿದ. ಅವಳನ್ನು ಕೆಲಸದಿಂದ ತೆಗೆದ. ಮೂರು ತಿಂಗಳಿಗೆ ಅದೇ ಕಂಪನಿಯಿಂದ ಅದೇ ಆಟ 'ಬಿಳಿ ಬೇಟೆ' ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ.

ಆ ಅಂಕಿಗಳ ನಕ್ಷೆ ಮಾಡಿಕೊಟ್ಟವನು ಉರ್ಹೊ. ಅವಳು ಮದುವೆಯಾಗಬೇಕಿದ್ದ ಉರ್ಹೊ.

ಎರಡು ವರ್ಷದ ಮೇಲೆ, ತಾಂಪೆರೆ ನಗರದ ಸಭಾಂಗಣದಲ್ಲಿ ಅವಳಿದ್ದ ಹಿಂದಿನ ಕೋಣೆಗೆ ಅವನೇ ಬಾಗಿಲು ತಟ್ಟಿ ಬಂದ.

ತೂಲಿಯಾಳ ಎದೆ ಒಮ್ಮೆ ಹಾರಿತು. ಹಾರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಸಾವಿನ ಮನೆಗೆ ಬಂದೋನ ಥರ ನಿಂತಿದ್ದೀಯಲ್ಲೋ. ಕೇಕ್ ತರ್ಲಿಲ್ವಾ?"

ಅವನ ಮುಖ ಕಪ್ಪಿಟ್ಟಿತು. ಆಟವೊಂದು ಸತ್ತರೆ ಕೇಕ್ ಕತ್ತರಿಸುವುದು ಆ ಕಂಪನಿಯ ಪದ್ಧತಿ. ಸೋಲಿಗೂ ಮರ್ಯಾದೆ ಕೊಡಬೇಕಂತೆ! ಆವತ್ತು ತನ್ನ ಆಟದ ಕೇಕನ್ನು ತೂಲಿಯಾಳೇ ಕತ್ತರಿಸಿ, ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಹಂಚಿದ್ದಳು. ಉರ್ಹೊ ತನ್ನ ಪಾಲು ತಿಂದಿದ್ದ.

ಆ ತುತ್ತನ್ನು ಕಕ್ಕಿಸದೆ ಬಿಡೆನೆಂದು ಎರಡು ವರ್ಷ ಹಲ್ಲು ಕಚ್ಚಿ ದುಡಿದವಳು ಅವಳು. ಈಗ ಮಾರುಕಟ್ಟೆ ಸಮೀಕ್ಷೆಯ ಕೆಲಸ. ಫಿನ್ಲೆಂಡಿನಲ್ಲಿ ಈ ವರ್ಷ ಶೂಟಿಂಗ್ ಆಟಗಳ ವ್ಯಾಪಾರ ಹೇಗಾಯಿತೆಂದು ಇನ್ನರ್ಧ ಗಂಟೆಯಲ್ಲಿ ಇಡೀ ಉದ್ಯಮದ ಮುಂದೆ ಓದಬೇಕು.

ಅವಳ ಕತ್ತಿ ಇದ್ದದ್ದು ಒಂಬತ್ತನೇ ಪುಟದಲ್ಲಿ. ಹಬ್ಬದ ಮೂರು ದಿನ ಊರೆಲ್ಲ ಸರೋವರದ ದಡದ ಮರದ ಮನೆಗಳಿಗೆ ಹೋಗಿ ಫೋನು ಮರೆಯುತ್ತದೆ. ಯಾವ ಶೂಟಿಂಗ್ ಆಟವೇ ಇರಲಿ, ಆಡುವವರು ಅರ್ಧಕ್ಕಿಳಿಯುತ್ತಾರೆ, ಸೋಮವಾರ ಮರಳುತ್ತಾರೆ. ನಾಲ್ಕು ವರ್ಷದ ಅಂಕಿ ಅದನ್ನೇ ಹೇಳುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ಲಾಂಪಿನೆನ್‌ಗೆ ಇದು ಗೊತ್ತಿರಲಿಲ್ಲವೇ? ಆ ಮೂರೇ ದಿನ ನೋಡಿ ಆಟ ಸತ್ತಿತೆಂದವನು ದಡ್ಡನಲ್ಲ, ಕಳ್ಳ.

ವರದಿಯ ಕರಡು ಕಂಪನಿಗಳಿಗೆಲ್ಲ ಹೋಗಿತ್ತು. ಆ ಪುಟ ತೆಗೆಸಿ ಬಾ ಎಂದು ಲಾಂಪಿನೆನ್ ತನ್ನನ್ನು ಕಳಿಸಿದ್ದಾನೆ ಎಂದು ಉರ್ಹೊ ಮುಚ್ಚುಮರೆಯಿಲ್ಲದೆ ಹೇಳಿದ.

"ಹಳೇ ಪ್ರೀತಿ ಕೆಲಸಕ್ಕೆ ಬರುತ್ತೆ ಅಂದ್ಕೊಂಡ್ರಾ ನಿನ್ನ ಧಣಿ?"

ಅವನು ಒಂದು ಹಾಳೆ ಮೇಜಿನ ಮೇಲಿಟ್ಟ. ಆಟ ನಿಲ್ಲಿಸುವ ಹಿಂದಿನ ದಿನ ಲಾಂಪಿನೆನ್‌ಗೆ ಅವನು ಬರೆದ ಪತ್ರ. ಇವು ಹಬ್ಬದ ದಿನಗಳು, ಸೋಮವಾರದ ಅಂಕಿ ಬರುವವರೆಗೆ ಕಾಯಿರಿ ಎಂದಿತ್ತು.

ತೂಲಿಯಾ ಎರಡು ಸಲ ಓದಿದಳು. *ಹಾಗಾದರೆ ದಿನ ಆರಿಸಿದವನು ಇವನಲ್ಲ...* ಎರಡು ವರ್ಷ ಹೊತ್ತ ಸಿಟ್ಟು ಕೈಜಾರಿತೆಂದುಕೊಂಡಳು. ಜಾರಲಿಲ್ಲ.

"ಬರೆಯೋಕೆ ಧೈರ್ಯ ಇತ್ತು. ಆಟ ನಿಲ್ಲಿಸಿದ ಸಭೇಲಿ ಬಾಯಿಗೆ ಏನಾಗಿತ್ತು?"

"ಹೆದರಿಕೆ. ಕೆಲಸ ಹೋಗುತ್ತೆ ಅಂತ." ಅವನ ದನಿ ಒಡೆಯಿತು. "ಆವತ್ತೂ ನಿನ್ನ ಪ್ರೀತಿಸ್ತಿದ್ದೆ, ತೂಲಿಯಾ. ಆದ್ರೂ ಬಾಯಿ ಬಿಡ್ಲಿಲ್ಲ. ಎರಡೂ ನಿಜ."

ಹೊರಗೆ ಕುರ್ಚಿಗಳು ತುಂಬುವ ಸದ್ದು. ಅವಳು ಆ ಪತ್ರವನ್ನು ಒಂಬತ್ತನೇ ಪುಟದ ಹಿಂದೆ ಸೇರಿಸಿದಳು.

"ನಿನ್ನ ಹೆಸರು ಮುಚ್ಚಲ್ಲ. ಸುಮ್ಮನಿದ್ದೆ ಅನ್ನೋದನ್ನೂ ಓದ್ತೀನಿ."

"ಓದು."

ಅಷ್ಟು ಸಲೀಸಾಗಿ ಅವನು ಹೇಳಿದ್ದಕ್ಕೇ ಅವಳ ಕಣ್ಣು ತುಂಬಿತು. ತನಗೇ ತಿಳಿಯದೆ ಅವನ ತೋಳು ಹಿಡಿದಿದ್ದಳು.

ಬಾಗಿಲು ತೆರೆಯಿತು. ಲಾಂಪಿನೆನ್.

"ಆ ಪುಟ ತೆಗೆಸಿದ್ಯಾ? ಆಗ್ಲಿಲ್ಲ ಅಂದ್ರೆ ನಾನೇ ಮಾತಾಡ್ತೀನಿ. ನೀನು ಆಚೆ ಹೋಗು."

ಉರ್ಹೊ ಕದಲಲಿಲ್ಲ.

"ಹೋಗೋ, ನಿನ್ನ ಧಣಿ ಹೇಳ್ತಿದ್ದಾರೆ," ಎಂದಳು ತೂಲಿಯಾ ಮೆಲ್ಲಗೆ. ಹಿಡಿದ ತೋಳನ್ನು ಮಾತ್ರ ಬಿಟ್ಟಿರಲಿಲ್ಲ.

"ಹೋಗಲ್ಲ," ಎಂದ ಉರ್ಹೊ. "ಇವರು ಹೇಳಿದ್ರೂ ಹೋಗಲ್ಲ, ನೀನು ಹೇಳಿದ್ರೂ ಹೋಗಲ್ಲ."