ಐದು ಗಂಟೆಯ ವಿಮಾನ

‘ಗಂಟೆ ನಾಲ್ಕಾಯ್ತಲ್ಲೇ ಕ್ಯಾಲ್ಕುಲೇಟರ್. ಮೂರಕ್ಕೆ ಇಳೀತಾರೆ ಅಂದಿದ್ದೆ?’

ಅಜ್ಜಿ ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ.

‘ಇಳಿದಿರ್ತಾರೆ ಅಜ್ಜಿ. ಬ್ಯಾಗ್ ಬರೋದು ಲೇಟಾಗತ್ತೆ,’ ಎಂದಳು ಮೊಮ್ಮಗಳು.

ಲೆಕ್ಕದಲ್ಲಿ ಚುರುಕೆಂದು ಮನೆಯವರೆಲ್ಲ ಅವಳನ್ನು ಕ್ಯಾಲ್ಕುಲೇಟರ್ ಎಂದೇ ಕರೆಯುತ್ತಿದ್ದರು. ಅಮ್ಮ ಈಜು ಕಲಿಸುವ ಕೋಚ್. ಆರು ಮಕ್ಕಳನ್ನು ಕರೆದುಕೊಂಡು ದೂರದ ದೇಶದ ಸ್ಪರ್ಧೆಗೆ ಹೊರಟಿದ್ದರು. ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ತಲುಪುವುದು ಮಧ್ಯಾಹ್ನ ಮೂರಕ್ಕೆ ಎಂದು ಟಿಕೆಟ್‌ನಲ್ಲಿತ್ತು. ‘ಐದೇ ಗಂಟೆ. ಇಳಿದ ಕೂಡಲೇ ಫೋನ್ ಬರತ್ತೆ,’ ಎಂದು ಅವಳು ಬೆರಳು ಕೂಡ ಮಡಿಸದೆ ಹೇಳಿದ್ದಳು. ಅಜ್ಜಿ ಅದನ್ನೇ ಆ ಮಕ್ಕಳ ಆರೂ ಮನೆಗಳಿಗೆ ಹೆಮ್ಮೆಯಿಂದ ಮುಟ್ಟಿಸಿದ್ದರು.

ಈಗ ಆ ಮನೆಗಳಿಂದ ಒಂದರ ಹಿಂದೆ ಒಂದು ಫೋನ್. ಪ್ರತಿ ಸಲವೂ ಅಮ್ಮನೇ ಎಂದುಕೊಂಡು ಅಜ್ಜಿ ಎದ್ದು ನಿಲ್ಲುವರು. ಅಲ್ಲವೆಂದು ಗೊತ್ತಾಗಿ ಕುಳಿತುಕೊಳ್ಳುವರು.

‘ಪಂಚರ್ ಆಗಿರ್ಬೇಕು,’ ಎಂದ ತಮ್ಮ.

‘ಬಾಯಿ ಮುಚ್ಚೋ,’ ಎಂದರು ಅಜ್ಜಿ.

ಅವನು ಅಕ್ಕನ ಕಡೆ ತಿರುಗಿದ. ‘ವಿಮಾನ ಎಷ್ಟು ಸ್ಪೀಡಾಗಿ ಹೋಗತ್ತೆ?’

‘ಗಂಟೆಗೆ ಎಂಟುನೂರು, ಒಂಬೈನೂರು ಕಿಲೋಮೀಟರ್...’

ಮಾತು ಅಲ್ಲಿಗೇ ನಿಂತಿತು. ದೂರ ಏಳು ಸಾವಿರದ ಇನ್ನೂರು ಕಿಲೋಮೀಟರ್ ಎಂದು ಅಮ್ಮ ಹೇಳಿದ್ದರು. ಐದು ಗಂಟೆಯಲ್ಲಿ ಅಷ್ಟು ದೂರ ಹೋಗಲು ಸಾಧ್ಯವೇ ಇಲ್ಲ. ಟಿಕೆಟ್‌ನ ಮೂರು ಗಂಟೆ ಇಲ್ಲಿಯದಲ್ಲ, ಅಲ್ಲಿನ ಗಡಿಯಾರದ್ದು. ಅದು ಇಲ್ಲಿಗಿಂತ ನಾಲ್ಕು ಗಂಟೆ ಹಿಂದೆ. ಅಂದರೆ ಪ್ರಯಾಣ ಒಂಬತ್ತು ಗಂಟೆ. ಅಮ್ಮ ಇಳಿಯುವಾಗ ಇಲ್ಲಿ ಸಂಜೆ ಏಳು.

ತಪ್ಪು ಅವಳದೇ. ಹೇಳಿಬಿಡಬೇಕು. ಆದರೆ ಆರು ಮನೆಯವರಿಗೂ ಗೊತ್ತಾಗುತ್ತದೆ. ತಮ್ಮನಂತೂ ವರ್ಷವಿಡೀ ಆಡಿಕೊಳ್ಳುತ್ತಾನೆ.

‘ಅಮ್ಮನ ಫೋನಲ್ಲಿ ಚಾರ್ಜ್ ಇಲ್ವೇನೋ,’ ಎಂದಳು.

‘ಆರು ಮಕ್ಕಳ ಫೋನಲ್ಲೂ?’ ಎಂದರು ಅಜ್ಜಿ.

ಅವಳು ಕಿಟಕಿಯ ಕಡೆ ನೋಡಿದಳು. ಇನ್ನೆರಡು ಫೋನ್ ಬಂದವು. ಎರಡನೆಯದಕ್ಕೆ ‘ಇನ್ನೂ ಇಲ್ಲ’ ಎಂದಷ್ಟೇ ಹೇಳಿ ಅಜ್ಜಿ ಫೋನ್ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

‘ಏನೋ ಆಗಿದೆ ಕಣೇ. ಗೊತ್ತಿರೋರು ಯಾರೋ ನಮ್ಮ ಹತ್ರ ಮುಚ್ಚಿಡ್ತಿದಾರೆ.’

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

‘ಏನೂ ಆಗಿಲ್ಲ ಅಜ್ಜಿ. ಅಮ್ಮ ಇನ್ನೂ ವಿಮಾನದಲ್ಲೇ ಇದಾರೆ. ಇಳಿಯೋದು ಏಳಕ್ಕೆ. ನನ್ನ ಲೆಕ್ಕ ತಪ್ಪು.’

ಅಜ್ಜಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ‘ಈಗ ಹೊಳೀತಾ?’

‘ಆಗಲೇ.’

‘ಆಗಲೇ ಅಂದ್ರೆ?’

‘ಇವನು ಸ್ಪೀಡ್ ಕೇಳಿದಾಗ.’

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ತಮ್ಮ ಕೂಡ ಆಡಿಕೊಳ್ಳಲಿಲ್ಲ.

‘ಆ ಮನೆಯವರೂ ಕಾಯ್ತಿದಾರೆ,’ ಎಂದು ಅಜ್ಜಿ ಫೋನನ್ನು ಅವಳ ಕೈಗಿಟ್ಟರು. ‘ನೀನೇ ಹೇಳು.’

ಲೆಕ್ಕದಲ್ಲಿ ಸ್ವಲ್ಪ ತಪ್ಪಾಯ್ತು ಆಂಟಿ ಎನ್ನಬೇಕೆಂದು ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೊದಲ ರಿಂಗ್ ಮುಗಿಯುವ ಮುನ್ನವೇ ಆ ಕಡೆಯಿಂದ ಅಳು ಬೆರೆತ ಧ್ವನಿ ಕೇಳಿತು: ‘ಬಂತಾ ಸುದ್ದಿ? ಮಕ್ಕಳು ಇಳಿದ್ರಾ?’

ಜೋಡಿಸಿಕೊಂಡ ಮಾತನ್ನು ಅವಳು ಬಿಟ್ಟುಬಿಟ್ಟಳು.

‘ಆಂಟಿ, ವಿಮಾನ ಇಳಿಯೋದೇ ಏಳಕ್ಕೆ. ಎಲ್ಲ ಸರಿ ಇದೆ. ನಂಗೆ ಆಗಲೇ ಗೊತ್ತಾಗಿತ್ತು. ಹೇಳ್ಲಿಲ್ಲ.’

ಆ ಕಡೆ ಯಾರೋ ಕುರ್ಚಿ ಎಳೆದು ಕುಳಿತ ಸದ್ದಾಯಿತು. ಅವಳು ಫೋನನ್ನು ಕಿವಿಯಿಂದ ತೆಗೆಯದೆ ಕಾದಳು.