ಕೂಗದ ರೋಗಿ

"ಅಯ್ಯೋ ಸಿಸ್ಟರ್, ನನ್ನನ್ನ ಕೊಂದೇಬಿಟ್ರಲ್ಲ!"

ಸತ್ತನೆಂದು ಹೊಸ ನರ್ಸು ಕಪ್ಪು ಪಟ್ಟಿ ಕಟ್ಟಿದ್ದ ಮನುಷ್ಯ ಎದ್ದು ಕುಳಿತು ನಕ್ಕಾಗ, ಅವಳ ಮುಖ ಕೆಂಪೇರಿತು.

ಆಸ್ಪತ್ರೆಯ ಅಂಗಳದಲ್ಲಿ ಅಂದು ಅಪಘಾತದ ಅಣಕು ತರಬೇತಿ. ಗಾಯಾಳುಗಳಂತೆ ಮಲಗಿದವರಲ್ಲಿ ಯಾರನ್ನು ಮೊದಲು ನೋಡಬೇಕೆಂದು ಕ್ಷಣದಲ್ಲಿ ನಿರ್ಧರಿಸಿ ಕೈಗೆ ಪಟ್ಟಿ ಕಟ್ಟಬೇಕು. ತುರ್ತಿಗೆ ಕೆಂಪು, ಕಾಯಬಲ್ಲವರಿಗೆ ಹಳದಿ, ಕೈಮೀರಿದವರಿಗೆ ಕಪ್ಪು.

"ಉಸಿರಿಲ್ಲ ಅಂದ್ರೆ ಮುಗೀತೇನೇ? ಗದ್ದ ಎತ್ತಿ ನೋಡಿದ್ಯಾ?" ಹಿರಿಯ ಡಾಕ್ಟರಮ್ಮ ಗದರಿದರು. "ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚಿರತ್ತೆ. ಮುಂದಿನ ವಾರ ಇನ್ನೊಂದು ಅವಕಾಶ. ಆಗ್ಲೂ ತಪ್ಪಿದ್ರೆ ಎಮರ್ಜೆನ್ಸಿ ವಾರ್ಡಿನ ಆಸೆ ಬಿಡು."

ಆ ವಾರ್ಡಿಗಾಗಿಯೇ ಅವಳು ನರ್ಸಿಂಗ್ ಕಲಿತದ್ದು!

'ಸತ್ತವನು' ಆಂಬುಲೆನ್ಸ್ ಡ್ರೈವರ್. ಗಾಡಿ ತೊಳೆಯುತ್ತಿದ್ದವನ ಮುಂದೆ ಹೋಗಿ ನಿಂತಳು.

"ಎಲ್ರೂ ಅಮ್ಮಾ ಅಪ್ಪಾ ಅಂತ ಅರಚ್ತಿದ್ರು. ನೀವೊಬ್ರು ಉಸಿರು ಬಿಗಿಹಿಡಿದು ಮೂಲೇಲಿ ಬಿದ್ದಿದ್ರಿ. ನನ್ನ ಮೇಲೆ ಏನ್ರೀ ಹಗೆ?"

"ಹಗೆನಾ? ಪ್ರತಿ ಸಲವೂ ಆ ಪಾತ್ರ ನಾನೇ ಕೇಳಿ ತಗೋತೀನಿ."

"ಯಾಕೆ?"

ಅವನ ನಗು ಆರಿತು. "ನನ್ನ ತಂಗಿ... ಬಸ್ಸು ಉರುಳಿದಾಗ ಸದ್ದಿಲ್ಲದೆ ಮಲಗಿದ್ಲು. ಎಲ್ರೂ ಕೂಗಿದವರ ಹತ್ರ ಓಡಿದ್ರು. ನಾನೂ ಓಡಿದ್ದೆ, ಸಿಸ್ಟರ್."

ಭಗವಂತ ಕೆಲವರಿಗೆ ನೋವು ಕೊಡುವಾಗ ದನಿ ಕೊಡುವುದಿಲ್ಲ. ಅವಳು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಅವನ ಜೊತೆ ಗಾಡಿ ಒರೆಸತೊಡಗಿದಳು.

ಆಮೇಲೆ ಗಾಡಿ ಬಂದ ಸದ್ದಾದಾಗಲೆಲ್ಲ ಕಿಟಕಿಯತ್ತ ನೋಡತೊಡಗಿದಳು. ಇಳಿಯುವಾಗ ಅವನೂ ಮೇಲೆ ನೋಡುತ್ತಿದ್ದ. ಬಾಯಿ ಮಾತ್ರ ತೆರೆಯಲಿಲ್ಲ. ಇವನ ಮನಸ್ಸಿನಲ್ಲೇನಿದೆ...?

ಮುಂದಿನ ವಾರ ಅಂಗಳದ ತುಂಬ ಮತ್ತೆ ನರಳಾಟ.

"ಸಿಸ್ಟರ್, ಸತ್ತೇಹೋದೆ!" ಎಂದು ಒಬ್ಬ ಸೆರಗು ಹಿಡಿದಂತೆ ಅವಳ ಕೋಟಿನ ತುದಿ ಹಿಡಿದ.

"ಇಷ್ಟು ಕೂಗೋಕೆ ಉಸಿರಿದೆಯಲ್ಲ ಅಣ್ಣ, ಸ್ವಲ್ಪ ತಾಳಿ!"

ಬೆಂಚಿನ ಹಿಂದೆ ಅವನು ಅಲುಗದೆ ಮಲಗಿದ್ದ. ಮಂಡಿಯೂರಿ, ಮೆಲ್ಲನೆ ಅವನ ಗದ್ದ ಎತ್ತಿದಳು. ನೀಳವಾದ ಉಸಿರು ಹೊರಬಂತು. ಕೆಂಪು ಪಟ್ಟಿ ಕಟ್ಟಿದಳು.

"ಸರಿಯಾಯ್ತು!" ದೂರದಿಂದ ಡಾಕ್ಟರಮ್ಮನ ದನಿ.

ಆದರೆ ಅವಳ ಬೆರಳ ತುದಿಯಲ್ಲಿ ಅವನ ನಾಡಿ ಬಿರುಸಾಗಿ ಓಡುತ್ತಿತ್ತು.

"ನಾಡಿ ಹೀಗೆ ಓಡ್ಬೇಕು ಅಂತ ನಿಮ್ಮ ಪಾತ್ರದಲ್ಲಿದೆಯಾ?" ಪಿಸುಗುಟ್ಟಿದಳು.

"ಇಲ್ಲ... ಇದು ನಂದೇ."

"ಯಾವಾಗಿಂದ?"

"ನೀವು ನನ್ನ ಕೊಂದ ದಿನದಿಂದ."

"ಹೇಳ್ಬಾರದಿತ್ತಾ?"

"ನನಗೆ ಕೂಗೋಕೆ ಬರಲ್ಲ, ಸಿಸ್ಟರ್."

ಅವಳ ಕಣ್ಣು ತುಂಬಿತು.

"ತರಬೇತಿ ಮುಗೀತು. ಪಟ್ಟಿ ಬಿಚ್ಚಲ್ವಾ?" ಅವನು ಕೇಳಿದ.

"ಇರಲಿ ಬಿಡಿ," ಅವಳು ಕೈ ಬಿಡಲಿಲ್ಲ. "ನಿಮ್ಮನ್ನ ಮೊದಲು ನೋಡ್ಬೇಕು."